ಯಾರ ಮಾತಿಗೆ ಜಾಗ? ಮಾನಸಿಕ ಆರೋಗ್ಯ ಸೇವೆಯಲ್ಲಿ ರೋಗಿ ಮತ್ತು ಮನೆಯವರ ಪಾಲು

ಕಾಸರಗೋಡಿನ ಬದಿಯಡ್ಕ ಕಡೆ ಬೀಡಿ ಕಟ್ಟುವ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಮನಸ್ಸಿನ ಕಾಯಿಲೆಗೆ ಮಾತ್ರೆ ಶುರುವಾಯಿತು. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು. ಡಾಕ್ಟರ ಲೆಕ್ಕದಲ್ಲಿ ಇದು ಗೆಲುವು. ಆದರೆ ಮಾತ್ರೆಯಿಂದ ಅವಳ ಕೈ ನಡುಗುತ್ತಿದೆ, ಎಲೆ ಸುತ್ತಲು ಆಗುತ್ತಿಲ್ಲ. ಕಟ್ಟು ಕಡಿಮೆಯಾದರೆ ಕೂಲಿಯೂ ಕಡಿಮೆ. ಎರಡು ತಿಂಗಳು ನೋಡಿ ಮಾತ್ರೆ ಬಿಟ್ಟಳು. ಚೀಟಿಯಲ್ಲಿ ಬಿದ್ದ ಸಾಲು: 'ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ.' ಕೈ ನಡುಕದ ಸುದ್ದಿಯೇ ಇಲ್ಲ. ಕೇಳಿದ್ದರೆ ಪ್ರಮಾಣ ಇಳಿಸಬಹುದಿತ್ತು, ಮಾತ್ರೆ ಬದಲಿಸಬಹುದಿತ್ತು.

ಮಾನಸಿಕ ಆರೋಗ್ಯ ಸೇವೆಯಲ್ಲಿ ರೋಗಿ ಮತ್ತು ಮನೆಯವರ ಪಾಲು ಎಂಬ ಪಾಠವನ್ನು ಪರೀಕ್ಷೆಗೆ ಓದುವವರಿಗೆ ಈ ಟಿಪ್ಪಣಿ. ಅದರ ತಿರುಳು ನನಗೆ ಸಿಕ್ಕಿದ್ದು ಇಂಥ ಉದಾಹರಣೆಯಿಂದಲೇ. ಪುಸ್ತಕದಲ್ಲಿ 'ಸಹಭಾಗಿತ್ವ' ಎಂಬ ದೊಡ್ಡ ಪದ ಇರುತ್ತದೆ. ಅದನ್ನು ಎರಡಾಗಿ ಒಡೆದು ಓದಿ. ಒಂದು, ತನ್ನ ಚಿಕಿತ್ಸೆಯ ಬಗ್ಗೆ ತಾನು ಮಾತಾಡುವುದು. ಇನ್ನೊಂದು, ಕ್ಲಿನಿಕ್ ಯಾವ ವಾರ, ಯಾವ ಊರಲ್ಲಿ, ಯಾವ ಭಾಷೆಯಲ್ಲಿ ನಡೆಯಬೇಕು ಎಂದು ತೀರ್ಮಾನಿಸುವಾಗ ಅಲ್ಲಿ ಕೂತಿರುವುದು. ಮೊದಲನೆಯದು ಸ್ವಲ್ಪವಾದರೂ ನಡೆಯುತ್ತದೆ. ಎರಡನೆಯದು ಅಪರೂಪ.

ತೀರ್ಮಾನದಲ್ಲಿ ಜನರಿಗೆ ಎಷ್ಟು ಪಾಲು ಸಿಗುತ್ತದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಆರ್ನ್‌ಸ್ಟೈನ್ ಏಣಿ ಪರೀಕ್ಷೆಗೆ ಬಂದೇ ಬರುತ್ತದೆ. ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಅಮೆರಿಕದ ನಗರ ಯೋಜನೆಗಳನ್ನು ನೋಡಿ ಬರೆದದ್ದು, ಆಸ್ಪತ್ರೆಗಾಗಿ ಅಲ್ಲ. ಒಟ್ಟು ಎಂಟು ಮೆಟ್ಟಿಲು. ಕೆಳಗಿನ ಎರಡರಲ್ಲಿ ಪಾಲುಗೊಳ್ಳುವಿಕೆ ಬರೀ ತೋರಿಕೆ. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಾಧಾನ ಮಾಡುತ್ತಾರೆ. ತೀರ್ಮಾನ ಮಾತ್ರ ಅಧಿಕಾರದಲ್ಲಿರುವವರದ್ದೇ. ಮೇಲಿನ ಮೂರರಲ್ಲಷ್ಟೇ ಅಧಿಕಾರ ಕೈ ಬದಲಾಗುತ್ತದೆ. ಕೆಳಗಿನಿಂದ ಎರಡನೇ ಮೆಟ್ಟಿಲಿಗೆ ಆರ್ನ್‌ಸ್ಟೈನ್ ಇಟ್ಟ ಹೆಸರು 'ಥೆರಪಿ' (ಚಿಕಿತ್ಸೆ). ಅಂದರೆ ವ್ಯವಸ್ಥೆಯನ್ನು ತಿದ್ದುವ ಬದಲು ದೂರು ಹೇಳಿದವರನ್ನೇ ತಿದ್ದುವುದು. ನಮ್ಮ ವಿಷಯಕ್ಕೆ ಎಷ್ಟು ಸರಿಯಾಗಿ ಕೂರುತ್ತದೆ ಅಲ್ವಾ?

ಮನೆಯವರು ನಮ್ಮಲ್ಲಿ ಮೊದಲಿನಿಂದಲೂ ಇದ್ದಾರಲ್ಲ ಎಂದು ನೀವು ಕೇಳಬಹುದು. ಹೌದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಟೆಂಟ್ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ (ಸಿಎಂಸಿ) ಮನೆಯವರು ಜೊತೆಗಿರುವ ಪದ್ಧತಿ ಬೆಳೆಯಿತು. ಇದರಿಂದ ಒಳ್ಳೆಯದೇ ಆಯಿತು. ಆದರೆ ಕೆಲಸದಲ್ಲಿ ಪಾಲು ಬೇರೆ, ಮಾತಿನಲ್ಲಿ ಪಾಲು ಬೇರೆ. ಊಟ ಮಾಡಿಸುವುದು, ಮಾತ್ರೆ ನುಂಗಿಸುವುದು, ರಾತ್ರಿ ಕಾವಲು, ಎಲ್ಲ ತಾಯಿಯ ಮೇಲೆ. ವಾರ್ಡಿನ ನಿಯಮ ಮಾಡುವಾಗ ಅವಳನ್ನು ಕೇಳಿದವರು ಎಷ್ಟು ಜನ? ಉತ್ತರ ಬರೆಯುವಾಗ ಈ ವ್ಯತ್ಯಾಸ ಬಿಡಬೇಡಿ.

ಈಗ ಕಾನೂನು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರಲ್ಲಿ. ಕೇಂದ್ರ ಮತ್ತು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಗಳಲ್ಲಿ ಕಾಯಿಲೆ ಅನುಭವಿಸಿದವರಿಗೂ ಆರೈಕೆ ಮಾಡುವವರಿಗೂ ಸದಸ್ಯ ಸ್ಥಾನ ಇದೆ. ದೂರು ಕೇಳುವ ಪರಿಶೀಲನಾ ಮಂಡಳಿಯಲ್ಲಿ ನ್ಯಾಯಾಧೀಶರು, ಜಿಲ್ಲಾಧಿಕಾರಿಯ ಪ್ರತಿನಿಧಿ, ವೈದ್ಯರ ಜೊತೆಗೆ ಇನ್ನೂ ಇಬ್ಬರು ಕೂರುತ್ತಾರೆ. ಅವರು ರೋಗಿಗಳಾಗಿರಬಹುದು, ಆರೈಕೆದಾರರಾಗಿರಬಹುದು, ಇಲ್ಲವೇ ಸಂಘಸಂಸ್ಥೆಯವರಾಗಿರಬಹುದು. ಈ 'ಇಲ್ಲವೇ' ನೋಡಿ. ಇಬ್ಬರೂ ಸಂಸ್ಥೆಯವರೇ ಆದರೂ ಕಾನೂನಿನ ಲೆಕ್ಕ ಸರಿಯಾಗುತ್ತದೆ, ರೋಗಿಯ ಕುರ್ಚಿ ಮಾತ್ರ ಇರುವುದಿಲ್ಲ.

ನಮ್ಮ ಕಾಸರಗೋಡಿಗೆ ಬರೋಣ. ಇಲ್ಲಿ ಮೊದಲ ತೊಡಕೇ ಭಾಷೆ. ಫಾರಂ ಮಲಯಾಳಂನಲ್ಲಿ, ಮನೆ ಮಾತು ತುಳುವೋ ಕನ್ನಡವೋ. 'ಮಂಡೆಬೆಚ್ಚ' (ತಲೆಬಿಸಿ) ಎಂದು ಹೇಳಿದವರ ಚೀಟಿಯಲ್ಲಿ ಸುಮ್ನೆ 'ಟೆನ್ಷನ್' ಎಂದು ಬರೆದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಮನೆಯವರು ಅನುವಾದಕ್ಕೆ ನಿಂತರೆ ಇನ್ನೂ ಕಷ್ಟ. ಮಗ ಎದುರಿಗಿರುವಾಗ ತಾಯಿ ಮಗನ ಬಗ್ಗೆ ಏನು ಹೇಳಿಯಾಳು? 2022ರಲ್ಲಿ ಶುರುವಾದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು. ಇದನ್ನು ಕ್ಷೇತ್ರಕಾರ್ಯದಲ್ಲಿ ಹೇಳಿ, ಉಪಯೋಗ ಆಗುತ್ತದೆ.

ಎರಡನೆಯದು ದಾರಿ. ಕೇರಳದ ಮೂರು ಸರಕಾರಿ ಮಾನಸಿಕ ಆರೋಗ್ಯ ಕೇಂದ್ರಗಳು ತಿರುವನಂತಪುರ, ತ್ರಿಶೂರು, ಕೋಳಿಕ್ಕೋಡ್‌ನಲ್ಲಿವೆ. ನಮಗೆ ಹತ್ತಿರದ್ದು ಮಂಗಳೂರು. ಮಂಜೇಶ್ವರದವರನ್ನು ಕೇಳಿದರೆ ಇದು ಒಂದೇ ನಿಮಿಷದಲ್ಲಿ ಗೊತ್ತಾಗುವ ಮಾತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಹೊತ್ತಿಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಆ ಕಡೆ ಹೋಗಲಾಗದೆ ಸಿಕ್ಕಿಬಿದ್ದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ನಕ್ಷೆಯಲ್ಲಿ ಜಿಲ್ಲೆ ಒಂದು ರಾಜ್ಯದ್ದು, ಜನರ ಔಷಧಿಯ ದಾರಿ ಇನ್ನೊಂದು ರಾಜ್ಯದ್ದು.

ಆರೈಕೆದಾರರ ದನಿಗೆ ಇಲ್ಲಿನ ದೊಡ್ಡ ಉದಾಹರಣೆ ಎಂಡೋಸಲ್ಫಾನ್ ಕೀಟನಾಶಕಕ್ಕೆ ತುತ್ತಾದ ಊರುಗಳ ತಾಯಂದಿರು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು ಎಣ್ಮಕಜೆ, ಬೆಳ್ಳೂರು ಕಡೆಯವರಿಗೆ ಹೇಳಬೇಕಿಲ್ಲ. 2019ರಲ್ಲಿ ಈ ತಾಯಂದಿರು ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಕೂತರು. ಅವರ ಮುಖ್ಯ ಜಗಳ ಸಂತ್ರಸ್ತರ ಪಟ್ಟಿಯದು. ನಮ್ಮ ಮಗು ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳಿದರು. ಬಿಟ್ಟುಹೋದ ಇನ್ನಷ್ಟು ಮಕ್ಕಳನ್ನು ಸೇರಿಸಲು ಸರಕಾರ ಒಪ್ಪಿತು. ಸೇವೆ ಯಾರಿಗೆ ಎಂಬ ತೀರ್ಮಾನಕ್ಕೇ ಅವರು ಕೈ ಹಾಕಿದ್ದರು. (ಪರೀಕ್ಷೆಗೆ ಒಂದು ಎಚ್ಚರಿಕೆ: ಇಂಥ ಮಕ್ಕಳಲ್ಲಿ ಕಾಣುವ ಬುದ್ಧಿಮಾಂದ್ಯ 2017ರ ಕಾಯ್ದೆಯ 'ಮಾನಸಿಕ ಕಾಯಿಲೆ'ಯೊಳಗೆ ಬರುವುದಿಲ್ಲ. ಅದಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೋಡಿ.)

ಇನ್ನು ಎಲ್ಲರೂ ಎಡವುವ ಜಾಗ. 'ರೋಗಿ ಮತ್ತು ಆರೈಕೆದಾರ' ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುತ್ತೇವೆ. ಇಬ್ಬರಿಗೆ ಬೇಕಾದದ್ದು ಒಂದೇ ಅಲ್ಲ. ಮನೆಯವರಿಗೆ ತಿಂಗಳಿಗೊಂದು ಇಂಜೆಕ್ಷನ್ ನಿರಾಳ, ರೋಗಿಗೆ ಅದು ಭಯ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಒಂದು ಆಶ್ರಯತಾಣದಲ್ಲಿ ಬೆಂಕಿಗೆ ಸಿಕ್ಕಿ 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಅವರಿಗೆ ಓಡಲಾಗಲಿಲ್ಲ. ಅಲ್ಲಿಗೆ ಎಷ್ಟೋ ಜನರನ್ನು ಕರೆತಂದು ಬಿಡುತ್ತಿದ್ದದ್ದು ಬೇರೆ ದಾರಿ ಕಾಣದ ಮನೆಯವರೇ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಮನೆಯವರನ್ನು ಕೇಳಿದರೆ ರೋಗಿಯನ್ನು ಕೇಳಿದಂತೆ ಎಂದು ಯಾರೂ ಬರೆಯಬಾರದು.

ಹಾಗಾಗಿಯೇ ಕಾಯ್ದೆ ರೋಗಿಗೆ ಎರಡು ಸಾಧನ ಕೊಟ್ಟಿದೆ. ಒಂದು ಮುಂಗಡ ನಿರ್ದೇಶನ: ಮುಂದೆ ನಿರ್ಧಾರ ಮಾಡಲಾಗದ ಸ್ಥಿತಿ ಬಂದರೆ ನನಗೆ ಈ ಚಿಕಿತ್ಸೆ ಬೇಕು, ಇದು ಬೇಡ ಎಂದು ಮೊದಲೇ ಬರೆದಿಡುವುದು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ. ಇನ್ನೊಂದು, ತನ್ನ ಪರವಾಗಿ ಮಾತಾಡಲು ಪ್ರತಿನಿಧಿಯನ್ನು ನೇಮಿಸುವುದು. ಅದಕ್ಕೆ ಬಿಳಿ ಹಾಳೆ ಸಾಕು, ಸಹಿ ಇಲ್ಲವೇ ಹೆಬ್ಬೆಟ್ಟು. ಸಂಬಂಧಿಕರೇ ಆಗಬೇಕೆಂದಿಲ್ಲ.

ನಮ್ಮ ಮನೆಯಲ್ಲಿ ಚಿಕ್ಕಪ್ಪ ಬರೆದದ್ದು ಅಜ್ಜಿಯ ಹೆಸರಲ್ಲ, ಅಡಿಕೆ ಕೊಯ್ಯಲು ಜೊತೆಗೆ ಹೋಗುತ್ತಿದ್ದ ಗೆಳೆಯನ ಹೆಸರು. ಹದಿನಾರು ವರ್ಷ ನೋಡಿಕೊಂಡ ಅಜ್ಜಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ಆ ಗೆಳೆಯನನ್ನು ಚಾಗೆ ಕರೆದು, ಚಿಕ್ಕಪ್ಪನಿಗೆ ಯಾವ ಮಾತ್ರೆ ಆಗಿಬರುವುದಿಲ್ಲ ಎಂದು ಒಂದೊಂದಾಗಿ ಹೇಳಿಕೊಟ್ಟರು.