ಓದಿದ್ದು ಪರೀಕ್ಷೆ ಹಾಲ್‌ನಲ್ಲಿ ಯಾಕೆ ಕೈಕೊಡುತ್ತದೆ?

ಫೆಬ್ರುವರಿ ಮುಗಿಯುತ್ತ ಬಂತೆಂದರೆ ರಾಯಚೂರಿನ ಹಾಸ್ಟೆಲ್‌ಗಳಲ್ಲಿ ಮಕ್ಕಳು ನಸುಕಿನಲ್ಲೇ ಎದ್ದು ಕೂರುತ್ತಾರೆ. ಬಿಸಿಲೇರುವ ಮೊದಲು ಓದಿ ಮುಗಿಸಬೇಕು, ಅಲ್ವಾ? ಒಂದೇ ಪಾಠ ಮೂರು ಸಲ, ನಾಲ್ಕು ಸಲ ಗಟ್ಟಿಯಾಗಿ ಓದುತ್ತಾರೆ. ಸಾಲುಗಳ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ. ಪರೀಕ್ಷೆ ಮುಗಿಸಿ ಬಂದಾಗ ಮಾತ್ರ, "ಎಲ್ಲಾ ಓದಿದ್ನಿ ಸರ, ಅಲ್ಲಿ ಕುಂತ್ರ ನೆನಪಿಗೇ ಬರ್ಲಿಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರನ್ನು ದಡ್ಡರು ಅನ್ನುವುದು ಅನ್ಯಾಯ. ಹಾಸ್ಟೆಲ್‌ನಲ್ಲಿ ಅವರು ಮಾಡಿದ್ದು ಪುಸ್ತಕ ನೋಡಿ ಓದುವ ಕೆಲಸ. ಪರೀಕ್ಷೆ ಕೇಳಿದ್ದು ಪುಸ್ತಕವಿಲ್ಲದೆ ನೆನಪಿಸಿಕೊಳ್ಳುವ ಕೆಲಸ. ಎರಡನೆಯದನ್ನು ಅವರು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ.

ಮತ್ತೆ ಮತ್ತೆ ಓದಿದಾಗ ಪುಟ ಪರಿಚಿತವಾಗುತ್ತದೆ. ಆ ಪರಿಚಯವನ್ನೇ ನಾವು "ಗೊತ್ತಾಯಿತು" ಅಂದುಕೊಂಡು ಬಿಡುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದ ಜೊತೆ ಕಲಿಯಲು ಕೊಟ್ಟರು. ಒಂದು ಪದದ ಅರ್ಥವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೆ, ಒಂದು ಗುಂಪು ಅದನ್ನು ಮತ್ತೆ ಓದುತ್ತಿತ್ತು, ಆದರೆ ಅದರ ಬಗ್ಗೆ ಪ್ರಶ್ನೆ ಬರುತ್ತಿರಲಿಲ್ಲ. ಇನ್ನೊಂದು ಗುಂಪು ಅದನ್ನು ಮತ್ತೆ ಓದುತ್ತಿರಲಿಲ್ಲ, ಆದರೆ ಪ್ರತಿ ಸುತ್ತಿನಲ್ಲೂ ಅರ್ಥವನ್ನು ನೆನಪಿನಿಂದ ಹೇಳಬೇಕಿತ್ತು. ಒಂದು ವಾರ ಬಿಟ್ಟು ಪರೀಕ್ಷಿಸಿದರೆ, ಓದಿದವರಿಗೆ ನೆನಪಿದ್ದದ್ದು ಶೇ 36ರಷ್ಟು. ನೆನಪಿಸಿಕೊಂಡವರಿಗೆ ಶೇ 80ರಷ್ಟು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ವಿಷಯ. ಎಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದ್ದಾಗ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಅರ್ಧ ಅಂದಿದ್ದರು. ಯಾವ ದಾರಿ ಫಲ ಕೊಡುತ್ತಿದೆ ಅನ್ನುವುದು ಕಲಿಯುವವರಿಗೇ ತಿಳಿಯುವುದಿಲ್ಲ.

ನಮ್ಮ ಕಡೆ ಮಗ್ಗಿ ಹೇಳಿಸುವ ಹಿರಿಯರಿಗೆ ಇದರ ಅಂದಾಜು ಇತ್ತು. ಏಳರ ಮಗ್ಗಿಯನ್ನು ರಾಗವಾಗಿ ಒಪ್ಪಿಸಿದ ಹುಡುಗನನ್ನು ಅಜ್ಜಿ ನಡುವೆಯೇ ತಡೆದು "ಏಳೆಂಟ್ಲೆ?" ಅಂತ ಕೇಳುತ್ತಾಳೆ. ಹುಡುಗ ಏಳೊಂದ್ಲೆ ಏಳರಿಂದ ಓಡಲು ಶುರುಮಾಡಿದರೆ, ಅವನಿಗೆ ಗೊತ್ತಿರುವುದು ಆ ರಾಗ, ಐವತ್ತಾರು ಇನ್ನೂ ಕೈಗೆ ಸಿಕ್ಕಿಲ್ಲ. ಅದಕ್ಕೇ ಅಜ್ಜಿ ಹಿಂದೆ ಮುಂದೆ ಮಾಡಿ ಕೇಳುತ್ತಾಳೆ. ಮಗ್ಗಿ ಹೇಳಿಸುವುದನ್ನು ಹಳೇ ಕಾಲದ ಬಾಯಿಪಾಠ ಅಂತ ತಳ್ಳಿಹಾಕುವವರು ಈ ಅರ್ಧ ಭಾಗವನ್ನು ಮರೆಯುತ್ತಾರೆ.

ಭಾಷೆಯ ವಿಷಯಕ್ಕೆ ಬಂದರೆ ರಾಯಚೂರು ಜಿಲ್ಲೆಯ ಮಕ್ಕಳಿಗೆ ಯಾರೂ ಪಾಠ ಹೇಳಬೇಕಿಲ್ಲ. ರಾಯಚೂರು ನಗರದ ತೀನ್ ಕಂದಿಲ್ ಕಡೆಯ ಅಂಗಡಿಯಲ್ಲಿ ಅಪ್ಪನ ಜೊತೆ ಕೂತ ಹುಡುಗಿ ಒಬ್ಬ ಗಿರಾಕಿಗೆ ಕನ್ನಡ, ಮತ್ತೊಬ್ಬರಿಗೆ ತೆಲುಗು, ಇನ್ನೊಬ್ಬರಿಗೆ ಉರ್ದು ಮಾತಾಡುತ್ತಾಳೆ. ಸಿಂಧನೂರು ತಾಲ್ಲೂಕಿನ ಆರ್‌ಎಚ್ ಕ್ಯಾಂಪ್‌ಗಳಲ್ಲಿ (ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪ್‌ಗಳು) ಮನೆಯಲ್ಲಿ ಬಂಗಾಳಿ, ಹೊರಗೆ ಕನ್ನಡ ಆಡಿಕೊಂಡು ಬೆಳೆದವರಿದ್ದಾರೆ. ಗಿರಾಕಿ ಎದುರಿಗೆ ನಿಂತಾಗ ಪದ ಹುಡುಕಿ ಹೇಳಲೇಬೇಕು. ದಿನಕ್ಕೆ ನೂರಾರು ಸಲ ಆ ಪುಟ್ಟ ಪರೀಕ್ಷೆ ನಡೆಯುತ್ತದೆ. ಅದೇ ಹುಡುಗಿ ಇಂಗ್ಲಿಷ್ ಪುಸ್ತಕವನ್ನು ಮಾತ್ರ ಸುಮ್ನೆ ಓದುತ್ತಾಳೆ, ಗೈಡ್ ನೋಡಿ ಉತ್ತರ ಬರೆಯುತ್ತಾಳೆ.

ಅವಳು ಹೀಗೆ ಮಾಡಿ ನೋಡಲಿ. "ನಿನ್ನೆ ನಮ್ಮಪ್ಪ ಹತ್ತಿಯನ್ನು ಗಂಜ್ ಮಾರುಕಟ್ಟೆಗೆ ಒಯ್ದರು." ಪುಸ್ತಕ ಮುಚ್ಚಿ, ಇದನ್ನು ಇಂಗ್ಲಿಷ್‌ನಲ್ಲಿ ಹೇಳಬೇಕು. 'ಯೆಸ್ಟರ್‌ಡೇ ಮೈ ಫಾದರ್' ತನಕ ಸಲೀಸು. ಆಮೇಲೆ 'ಟೇಕ್'ಓ 'ಟುಕ್'ಓ? ಅಲ್ಲಿ ತಡವರಿಸಬೇಕು. ಒಂದು ಊಹೆ ಮಾಡಿ, ಬರೆದು, ಆಮೇಲೆ ಪುಸ್ತಕ ತೆರೆದು ನೋಡಬೇಕು. ಊಹೆ ತಪ್ಪಾದರೂ ಪರವಾಗಿಲ್ಲ. ಹುಡುಕಿ ಸಿಗದೆ ಹೋದ ಉತ್ತರ ಕೂಡಲೇ ಕಣ್ಣಿಗೆ ಬಿದ್ದರೆ, ಅದು ಸುಮ್ನೆ ಓದಿದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ತಪ್ಪನ್ನು ತಿದ್ದದೇ ಬಿಟ್ಟರೆ ಮಾತ್ರ ನಷ್ಟ.

ಗಣಿತದ ಕಷ್ಟ ಬೇರೆ ರೀತಿಯದು. ಈ ಎರಡು ಲೆಕ್ಕ ನೋಡಿ. ಒಂದು ಹೊಲದ ಉದ್ದ ಅಗಲಕ್ಕಿಂತ 5 ಮೀಟರ್ ಜಾಸ್ತಿ, ವಿಸ್ತೀರ್ಣ 300 ಚದರ ಮೀಟರ್. ಇನ್ನೊಂದು ಹೊಲದಲ್ಲೂ ಉದ್ದ ಅಗಲಕ್ಕಿಂತ 5 ಮೀಟರ್ ಜಾಸ್ತಿ, ಆದರೆ ಕೊಟ್ಟಿರುವುದು ಸುತ್ತಳತೆ, 70 ಮೀಟರ್. ಎರಡರಲ್ಲೂ ಉತ್ತರ ಒಂದೇ: ಅಗಲ 15, ಉದ್ದ 20. ದಾರಿ ಮಾತ್ರ ಬೇರೆ. ಮೊದಲನೆಯದಕ್ಕೆ ವರ್ಗಸಮೀಕರಣ ಬೇಕು, ಎರಡನೆಯದು ಸರಳ ಸಮೀಕರಣದಲ್ಲೇ ಮುಗಿಯುತ್ತದೆ. ಪುಸ್ತಕದಲ್ಲಿ ಮೊದಲ ಲೆಕ್ಕ 'ವರ್ಗಸಮೀಕರಣಗಳು' ಅಧ್ಯಾಯದೊಳಗೇ ಇರುತ್ತದೆ. ಯಾವ ದಾರಿ ಹಿಡಿಯಬೇಕೆಂದು ತಲೆಬರಹವೇ ಹೇಳಿಬಿಟ್ಟಿರುತ್ತದೆ. ಒಂದೇ ಮಾದರಿಯ ಹತ್ತು ಲೆಕ್ಕ ಮಾಡಿದ ಮಗು ಬಿಡಿಸುವುದನ್ನು ಕಲಿಯುತ್ತದೆ. ದಾರಿ ಆರಿಸುವುದನ್ನು ಕಲಿಯುವುದಿಲ್ಲ. ಪರೀಕ್ಷೆಯಲ್ಲಿ ಅಧ್ಯಾಯದ ಹೆಸರು ಇರುವುದಿಲ್ಲವಲ್ಲ.

ಅಮೆರಿಕದ ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಇದನ್ನೇ ಅಳೆದು ಪ್ರಕಟಿಸಿದರು. ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳು. ಒಂದೊಂದೇ ಬಗೆಯನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ 89 ಸರಿ ಮಾಡಿದರು. ಬೆರೆಸಿ ಮಾಡಿದವರು ಶೇ 60. ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರು ಶೇ 20ಕ್ಕೆ ಇಳಿದರು. ಬೆರೆಸಿ ಮಾಡಿದವರು ಶೇ 63ರಲ್ಲೇ ನಿಂತಿದ್ದರು. ಟ್ಯೂಷನ್‌ನಲ್ಲಿ ಎಲ್ಲ ಸರಿ ಮಾಡುವ ಮಗು ಪರೀಕ್ಷೆಯಲ್ಲಿ ಕಂಗಾಲಾಗುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಮೊದಲ ದಿನವೇ ಬೆರೆಸಬೇಡಿ. ಹೊಸ ವಿಧಾನ ಕಲಿಯುವಾಗ ಬಿಡಿಸಿದ ಎರಡು ಮೂರು ಲೆಕ್ಕ ಕಣ್ಣ ಮುಂದೆ ಇರಬೇಕು. ಒಂದೊಂದು ಮೆಟ್ಟಿಲು ಯಾಕೆ ಬಂತು ಅಂತ ಮಗು ತನ್ನ ಮಾತಿನಲ್ಲಿ ಹೇಳಬೇಕು. ಕೇಳಿಸಿಕೊಳ್ಳುವ ತಾಯಿಗೆ ಓದು ಬರದಿದ್ದರೂ ನಡೆಯುತ್ತದೆ. "ಅದ್ಯಾಕ ಹಂಗ ಮಾಡಿದಿ?" ಅಂತ ಅವಳು ಕೇಳಿದರೆ ಸಾಕು. ವಿಧಾನ ಕೈಗೆ ಹತ್ತಿದ ಮೇಲೆ ಬೆರೆಸುವುದು.

ಇನ್ನು ಒಂದು ಸಲದ ಓದಿಗೂ ಮುಂದಿನ ಸಲದ ಓದಿಗೂ ನಡುವೆ ಬಿಡುವ ಅಂತರ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹಾಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಅರ್ಥವಿಲ್ಲದ 12 ಅಕ್ಷರಗುಚ್ಛಗಳ ಸಾಲುಗಳನ್ನು ಬಾಯಿಪಾಠ ಮಾಡುತ್ತಿದ್ದ. ಒಂದೇ ದಿನ 68 ಸಲ ಓದಿದಾಗ ಸಿಕ್ಕಷ್ಟೇ ಫಲ, ಮೂರು ದಿನಕ್ಕೆ ಹಂಚಿ 38 ಸಲ ಓದಿದಾಗಲೂ ಸಿಕ್ಕಿತು. ಶ್ರಮ ಹತ್ತಿರ ಹತ್ತಿರ ಅರ್ಧ.

ಇದಕ್ಕೆಲ್ಲ ಸ್ಮಾರ್ಟ್ ಕ್ಲಾಸ್ ಬೇಕಿಲ್ಲ. ನಮ್ಮ ಶಾಲೆಗಳಲ್ಲಿ ಶನಿವಾರದ ಕೊನೆಯ ಪೀರಿಯಡ್‌ಗೆ ಹತ್ತು ಪ್ರಶ್ನೆಗಳ ಒಂದು ಹಾಳೆ ಸಾಕು. ಐದು ಈ ವಾರದ್ದು, ಮೂರು ಹೋದ ತಿಂಗಳದ್ದು, ಎರಡು ದಸರಾಕ್ಕೂ ಮುಂಚಿನದ್ದು. ಗಣಿತ, ಇಂಗ್ಲಿಷ್ ವಾಕ್ಯ, ಕನ್ನಡ ವ್ಯಾಕರಣ ಎಲ್ಲ ಬೆರೆತಿರಲಿ. ಪುಸ್ತಕ ಮುಚ್ಚಿರಲಿ. ಅಂಕ ಹಾಕುವುದು ಬೇಡ, ಹಾಕಿದರೆ ಮಕ್ಕಳು ಹೆದರಿ ಊಹೆ ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ಉತ್ತರಗಳನ್ನು ಅಲ್ಲೇ ಬೋರ್ಡ್ ಮೇಲೆ ಬರೆದು ತಿದ್ದಿಸಿ. ಜಾಸ್ತಿ ಮಕ್ಕಳು ತಪ್ಪಿದ ಪ್ರಶ್ನೆ ಮುಂದಿನ ಶನಿವಾರದ ಹಾಳೆಯಲ್ಲಿ ಮತ್ತೆ ಬರಲಿ.