ಹೆಸರಿಲ್ಲದ ಶವಕ್ಕೆ ಸಾಮಾನ್ಯ ಜನ ಹೆಸರು ಹುಡುಕುವುದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಮೂವತ್ತು ನಲವತ್ತು ವರ್ಷ ಗುರುತು ಸಿಗದೆ ಉಳಿದ ಶವಗಳನ್ನು ಪೊಲೀಸರೂ ಅಲ್ಲದ, ಡಾಕ್ಟರೂ ಅಲ್ಲದ ಜನ ಮನೆಯಲ್ಲೇ ಕೂತು ಪತ್ತೆ ಮಾಡಿದ್ದಾರೆ ಎಂದು ಓದಿದೆ. ಪೊಲೀಸರಿಗೆ ಆಗದ್ದು ಇವರಿಗೆ ಹೇಗಾಯಿತು? ಡಿಎನ್‌ಎ ಇದ್ದ ಮೇಲೆ ಹೆಸರು ತಾನಾಗಿ ಸಿಗಬೇಕಲ್ಲವೇ?

ಉತ್ತರ: ಈ ಕೆಲಸದ ತಿರುಳು ಎರಡು ಪಟ್ಟಿಗಳನ್ನು ತಾಳೆ ನೋಡುವುದು. ಒಂದು, ಸಿಕ್ಕ ಶವಗಳ ಪಟ್ಟಿ. ಇನ್ನೊಂದು, ಕಾಣೆಯಾದವರ ಪಟ್ಟಿ. ಶವದ ದಾಖಲೆ ಅದು ಸಿಕ್ಕ ಕೌಂಟಿಯ (ನಮ್ಮ ಜಿಲ್ಲೆಯಂಥ ಘಟಕ) ಕರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿಯ, ಕಚೇರಿಯಲ್ಲಿರುತ್ತದೆ. ಕಾಣೆಯಾದವರ ದೂರು ಅವರ ಊರಿನ ಠಾಣೆಯಲ್ಲಿರುತ್ತದೆ, ಆ ಊರು ಎರಡು ರಾಜ್ಯಗಳಾಚೆ ಇರಬಹುದು. ಎರಡೂ ಕಡತಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡುವವರು ಬಹಳ ಕಾಲ ಯಾರೂ ಇರಲಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,400 ಅಪರಿಚಿತ ಶವಗಳು ಸಿಗುತ್ತವೆ, ಅವುಗಳಲ್ಲಿ ಸುಮಾರು 1,000 ಶವಗಳು ಒಂದು ವರ್ಷ ಕಳೆದರೂ ಹೆಸರಿಲ್ಲದೆ ಉಳಿಯುತ್ತವೆ ಎಂಬುದು ಅಲ್ಲಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ ಮಾಡಿದ ಅಂದಾಜು. ಇಷ್ಟು ಕಡತಗಳ ಮೇಲೆ ರಾತ್ರಿಗಟ್ಟಲೆ ಕೂರುವ ಸಮಯ ಪೊಲೀಸರಿಗಿರಲಿಲ್ಲ, ಹವ್ಯಾಸಿಗಳಿಗಿತ್ತು.

ಎಲ್ಲರೂ ನೆನೆಯುವ ಮೊದಲ ಉದಾಹರಣೆ ಕೆಂಟಕಿಯದು. 1968ರ ಮೇ 17ರಂದು ಜಾರ್ಜ್‌ಟೌನ್ ಬಳಿಯ ಹೆದ್ದಾರಿಯ ಪಕ್ಕದಲ್ಲಿ ಬಾವಿ ಕೊರೆಯುವ ಕೆಲಸಗಾರನೊಬ್ಬನಿಗೆ ಹಸಿರು ಕ್ಯಾನ್ವಾಸಿನಲ್ಲಿ ಸುತ್ತಿದ ಹೆಣ್ಣಿನ ಶವ ಸಿಕ್ಕಿತು. ಜನ ಅವಳನ್ನು ‘ಟೆಂಟ್ ಗರ್ಲ್’ ಎಂದು ಕರೆದರು. ವಯಸ್ಸು 16ರಿಂದ 19 ಎಂದು ಬರೆಯಲಾಯಿತು. ಮುಂದೆ ಆ ಕೆಲಸಗಾರನ ಅಳಿಯನಾದ ಟಾಡ್ ಮ್ಯಾಥ್ಯೂಸ್ ಎಂಬ ಕಾರ್ಖಾನೆ ನೌಕರ ವರ್ಷಗಟ್ಟಲೆ ಬೆನ್ನುಬಿದ್ದು, 1998ರಲ್ಲಿ ಅಂತರಜಾಲದ ಜಾಹೀರಾತೊಂದನ್ನು ಕಂಡ. 1967ರ ಕೊನೆಯಲ್ಲಿ ಲೆಕ್ಸಿಂಗ್ಟನ್‌ನಿಂದ ಕಾಣೆಯಾದ ಅಕ್ಕನನ್ನು ತಂಗಿಯೊಬ್ಬಳು ಹುಡುಕುತ್ತಿದ್ದಳು. ಗೋರಿ ಅಗೆದು ಡಿಎನ್‌ಎ ಪರೀಕ್ಷೆ ಮಾಡಿದಾಗ ಹೊಂದಿತು. ಸತ್ತಾಗ ಆಕೆಗೆ 24 ವರ್ಷ, ಆಗಲೇ ತಾಯಿಯಾಗಿದ್ದಳು. ಮೂವತ್ತು ವರ್ಷ ಜನ ಹುಡುಕಿದ್ದು ಹದಿಹರೆಯದ ಹುಡುಗಿಯನ್ನು. ಕಡತದಲ್ಲಿ ಬರೆದ ವಯಸ್ಸು ಎಷ್ಟು ಹಾದಿ ತಪ್ಪಿಸಬಲ್ಲದು ಎಂಬುದು ಇಲ್ಲಿ ಕಾಣುತ್ತದೆ.

ಆದ್ದರಿಂದ ಹೊಸದಾಗಿ ಈ ಕೆಲಸಕ್ಕೆ ಇಳಿದವರು ಮೊದಲು ತಿಳಿಯಬೇಕಾದದ್ದು ಕಡತದ ಯಾವ ಸಾಲನ್ನು ಎಷ್ಟು ನಂಬಬೇಕು ಎಂಬುದನ್ನು. ಮಕ್ಕಳ ವಯಸ್ಸನ್ನು ಹಲ್ಲು ಹುಟ್ಟಿದ ಕ್ರಮ ನೋಡಿ ಒಂದೆರಡು ವರ್ಷದ ಆಚೀಚೆ ಹೇಳಬಹುದು. ಕೊರಳೆಲುಬಿನ ಒಳತುದಿ ಪೂರ್ತಿ ಬೆಸೆಯಲು ಮೂವತ್ತರ ಹತ್ತಿರ ಆಗುತ್ತದೆ, ಹಾಗಾಗಿ ಇಪ್ಪತ್ತರ ಆಸುಪಾಸಿನವರಲ್ಲೂ ಅಂದಾಜು ಸುಮಾರಾಗಿ ನಿಲ್ಲುತ್ತದೆ. ಆಮೇಲೆ ಸೊಂಟದ ಎಲುಬುಗಳ ಸವೆತವೇ ಗತಿ, ಅಲ್ಲಿ ತಪ್ಪು ಹತ್ತು ಹದಿನೈದು ವರ್ಷಕ್ಕೂ ಹೋಗಬಹುದು. ಎತ್ತರವನ್ನು ತೊಡೆಯ ಎಲುಬಿನಿಂದ ಲೆಕ್ಕ ಹಾಕುತ್ತಾರೆ, ಮೂರು ಅಂಗುಲ ಹೆಚ್ಚುಕಡಿಮೆ ಸಾಮಾನ್ಯ. ಕಾಣೆಯಾದವರ ಕಡತದಲ್ಲಿರುವ ಎತ್ತರವೂ ಮನೆಯವರು ನೆನಪಿನಿಂದ ಹೇಳಿದ್ದು. ಕೂದಲು ಮಣ್ಣಿನಲ್ಲಿ ಕೆಂಪಗಾಗುತ್ತದೆ. ಕಣ್ಣಿನ ಬಣ್ಣ ಸಾವಿನ ನಂತರ ಮಸುಕಾಗುತ್ತದೆ. ತೂಕದ ಸಾಲನ್ನು ಓದದೆ ಬಿಟ್ಟರೂ ನಷ್ಟವಿಲ್ಲ.

ಎಲ್ಲಕ್ಕಿಂತ ದುರ್ಬಲವಾದದ್ದು ‘ಸತ್ತು ಇಷ್ಟು ಕಾಲವಾಗಿದೆ’ ಎಂಬ ಸಾಲು. 1977ರಲ್ಲಿ ಟೆನೆಸ್ಸಿಯಲ್ಲಿ ಕದಡಿದ ಹಳೆಯ ಗೋರಿಯಲ್ಲಿ ಸಿಕ್ಕ ದೇಹವನ್ನು ನೋಡಿ, ಆ ಕಾಲದ ಹೆಸರಾಂತ ಎಲುಬುತಜ್ಞ ವಿಲಿಯಂ ಬಾಸ್ ಸತ್ತು ಒಂದು ವರ್ಷವೂ ಆಗಿಲ್ಲ ಎಂದರು. ಅದು 1864ರ ನ್ಯಾಶ್‌ವಿಲ್ ಕಾಳಗದಲ್ಲಿ ಮಡಿದ ಕರ್ನಲ್ ವಿಲಿಯಂ ಶೈ ದೇಹ. ಕೆಡದ ಹಾಗೆ ರಸಾಯನ ತುಂಬಿ, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಹೂಳಿದ್ದರು. 113 ವರ್ಷದ ತಪ್ಪು. ಬಾಸ್ ಅದನ್ನು ಮುಚ್ಚಿಡಲಿಲ್ಲ. ದೇಹ ಹೇಗೆ ಕೊಳೆಯುತ್ತದೆ ಎಂಬುದನ್ನೇ ಅಭ್ಯಾಸ ಮಾಡಲು ನಾಕ್ಸ್‌ವಿಲ್‌ನಲ್ಲಿ ಸಂಶೋಧನಾ ಕೇಂದ್ರ ಕಟ್ಟಿದರು.

ಹೀಗಾಗಿ ಹುಡುಕಾಟದ ಸೋಸುವಿಕೆ ಸಡಿಲವಾಗಿರಬೇಕು. ಅಮೆರಿಕದ ಸರ್ಕಾರಿ ದತ್ತಾಂಶ ವ್ಯವಸ್ಥೆ ನೇಮಸ್‌ನಲ್ಲಿ ಎರಡೂ ಪಟ್ಟಿಗಳ ಬಹುಭಾಗ ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿ ಹುಡುಕುವಾಗ ವಯಸ್ಕರಿಗೆ ಕೊಟ್ಟ ವಯಸ್ಸಿನ ಎರಡೂ ಬದಿ ಕನಿಷ್ಠ ಐದು ವರ್ಷ ಸೇರಿಸಿ, ನಲವತ್ತು ದಾಟಿದ್ದರೆ ಹತ್ತು. ಎತ್ತರಕ್ಕೆ ಮೂರು ಅಂಗುಲ. ರಾಜ್ಯ ಮತ್ತು ಜನಾಂಗದ ಕಾಲಂಗಳನ್ನು ಖಾಲಿ ಬಿಡಿ. ಕಾಣೆಯಾದ ದಿನಾಂಕ ಶವ ಸಿಕ್ಕ ದಿನಕ್ಕಿಂತ ಮೊದಲಿದ್ದರೆ ಸಾಕು. ಮನೆ ಬಿಟ್ಟವರು ಇನ್ನೆಲ್ಲೋ ಐದಾರು ವರ್ಷ ಬದುಕಿರಬಹುದು.

ಪಟ್ಟಿ ಆಗ ನೂರಾರು ಹೆಸರಿಗೆ ಹಿಗ್ಗುತ್ತದೆ. ಅದನ್ನು ಇಳಿಸುವುದು ಬದಲಾಗದ ಗುರುತುಗಳಿಂದ: ಕೂಡಿಕೊಂಡ ಹಳೆಯ ಮುರಿತ, ಎಲುಬಿಗೆ ಹಾಕಿದ ಲೋಹದ ಪಟ್ಟಿ, ಹಚ್ಚೆ, ಹಲ್ಲು. ಹಲ್ಲಿನ ತರ್ಕ ಒಂದೇ ದಿಕ್ಕಿಗೆ ಓಡುತ್ತದೆ. ಕಿತ್ತ ಹಲ್ಲು ಮತ್ತೆ ಹುಟ್ಟುವುದಿಲ್ಲ. ಕಾಣೆಯಾದವಳ ದಾಖಲೆಯಲ್ಲಿ ಒಂದು ದವಡೆಹಲ್ಲು ಕಿತ್ತಿದ್ದು, ಶವದಲ್ಲಿ ಅದೇ ಹಲ್ಲು ಇದ್ದರೆ ಅವಳಲ್ಲ, ಮುಗಿಯಿತು. ತಿರುಗಾಮುರುಗಾ ಆದರೆ ಏನೂ ಹೇಳುವಂತಿಲ್ಲ, ಆ ಹಲ್ಲು ಆಮೇಲೆ ಕಿತ್ತಿರಬಹುದು, ಸತ್ತ ಮೇಲೆ ಉದುರಿರಲೂಬಹುದು. ಇಲ್ಲಿ ನಮ್ಮವರು ಎಡವುವ ಜಾಗವೊಂದಿದೆ. ಅಮೆರಿಕದಲ್ಲಿ ಹಲ್ಲುಗಳಿಗೆ 1ರಿಂದ 32 ಎಂದು ಸಾಲಾಗಿ ಅಂಕಿ ಕೊಡುತ್ತಾರೆ. ಭಾರತದಲ್ಲಿ ಬಹುಪಾಲು ಬಳಕೆಯಲ್ಲಿರುವ ಪದ್ಧತಿಯಲ್ಲಿ ಮೊದಲ ಅಂಕಿ ಬಾಯಿಯ ಕಾಲುಭಾಗವನ್ನು, ಎರಡನೆಯದು ಹಲ್ಲನ್ನು ಸೂಚಿಸುತ್ತದೆ. ಅಮೆರಿಕದ 18 ಎಂದರೆ ಕೆಳಗಿನ ಎಡಬದಿಯ ಎರಡನೇ ದವಡೆಹಲ್ಲು, ಇಲ್ಲಿಯ 18 ಎಂದರೆ ಮೇಲಿನ ಬಲಬದಿಯ ಬುದ್ಧಿಹಲ್ಲು. ಇದು ಗೊತ್ತಿಲ್ಲದೆ ತಾಳೆ ನೋಡಿದರೆ ಸರಿಯಾದ ವ್ಯಕ್ತಿಯನ್ನೇ ಕೈಬಿಟ್ಟೀರಿ.

ಬಟ್ಟೆಯ ಚೀಟಿಯನ್ನು ಅಲಕ್ಷಿಸಬೇಡಿ. ಅಮೆರಿಕದ ಉಡುಪುಗಳಲ್ಲಿ ‘ಆರ್‌ಎನ್’ ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ ಇರುತ್ತದೆ. ಅದು ಯಾವ ಕಂಪನಿಯದು ಎಂದು ಫೆಡರಲ್ ಟ್ರೇಡ್ ಕಮಿಷನ್‌ನ ತಾಣದಲ್ಲಿ ಯಾರಾದರೂ ನೋಡಬಹುದು. ಕಂಪನಿ ಗೊತ್ತಾದರೂ ಅಂಗಿ ಹೊಲಿದ ವರ್ಷ ಗೊತ್ತಾಗುವುದಿಲ್ಲ. ಜೇಬಿನ ನಾಣ್ಯವೂ ಹಾಗೆ: ಅದರ ಮೇಲಿನ ಇಸವಿಗೆ ಮೊದಲು ಸಾವು ಆಗಿಲ್ಲ ಎಂದಷ್ಟೇ ಹೇಳುತ್ತದೆ. ಹಲ್ಲಿನ ಎನಾಮೆಲ್ ಇದಕ್ಕಿಂತ ಹೆಚ್ಚು ಹೇಳಬಲ್ಲದು. 1955ರಿಂದ 1963ರವರೆಗೆ ಬಯಲಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಏರಿತು, ಆಮೇಲೆ ಇಳಿಯುತ್ತ ಬಂತು. ಎನಾಮೆಲ್ ಕಟ್ಟಿದ ವರ್ಷದ ಪ್ರಮಾಣ ಅದರಲ್ಲಿ ಹಾಗೇ ಉಳಿಯುವುದರಿಂದ, ಹುಟ್ಟಿದ ವರ್ಷವನ್ನು ಸುಮಾರು ಎರಡು ವರ್ಷದ ಆಚೀಚೆ ಹೇಳಬಹುದು. ಕಡತದಲ್ಲಿ ಈ ಫಲಿತಾಂಶ ಕಂಡರೆ ಎಲುಬಿನ ಅಂದಾಜಿಗಿಂತ ಇದನ್ನೇ ನಂಬಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅಮೆರಿಕದ ಪೊಲೀಸ್ ದತ್ತಾಂಶ ಕೋಡಿಸ್ ಡಿಎನ್‌ಎಯ 20 ಜಾಗಗಳನ್ನಷ್ಟೇ ನೋಡುತ್ತದೆ. ಅಪರಾಧಿಗಳ ಮಾದರಿ, ಕಾಣೆಯಾದವರ ಹತ್ತಿರದ ಸಂಬಂಧಿಗಳು ಕೊಟ್ಟ ಮಾದರಿ ಅದರಲ್ಲಿದ್ದರೆ ಹೊಂದುತ್ತದೆ. ಸತ್ತವರ ತಾಯಿ ಮಾದರಿ ಕೊಟ್ಟೇ ಇಲ್ಲದಿದ್ದರೆ ಡಿಎನ್‌ಎ ಮೂಕ. ವಂಶಾವಳಿ ವಿಧಾನ ಬೇರೆ ಬಗೆಯದು. ಇದರಲ್ಲಿ ಲಕ್ಷಾಂತರ ಜಾಗಗಳನ್ನು ಓದಿ, ಜೆಡ್‌ಮ್ಯಾಚ್ ಅಥವಾ ಫ್ಯಾಮಿಲಿ ಟ್ರೀ ಡಿಎನ್‌ಎಯಲ್ಲಿ ತಮ್ಮ ಫಲಿತಾಂಶ ಹಾಕಿದ ಸಾಮಾನ್ಯರೊಂದಿಗೆ ಹೋಲಿಸುತ್ತಾರೆ. ಹಂಚಿಕೊಂಡ ಡಿಎನ್‌ಎಯನ್ನು ಸೆಂಟಿಮಾರ್ಗನ್‌ನಲ್ಲಿ ಅಳೆಯುತ್ತಾರೆ. ಅಜ್ಜ-ಅಜ್ಜಿ ಒಂದೇ ಆಗಿರುವವರ ನಡುವೆ ಸರಾಸರಿ 866, ಮುತ್ತಜ್ಜ-ಮುತ್ತಜ್ಜಿ ಒಂದೇ ಆಗಿದ್ದರೆ 229, ಅದಕ್ಕೂ ಒಂದು ತಲೆಮಾರು ಹಿಂದಕ್ಕೆ ಹೋದರೆ 73.

229 ಬಂತು ಎನ್ನಿ. ಆ ಅಪರಿಚಿತ ಸಂಬಂಧಿಯ ಮುತ್ತಜ್ಜ-ಮುತ್ತಜ್ಜಿಯರ ನಾಲ್ಕು ಜೋಡಿಗಳನ್ನು ಜನಗಣತಿ, ಮದುವೆ ದಾಖಲೆ, ಪತ್ರಿಕೆಗಳ ನಿಧನ ವಾರ್ತೆಗಳಿಂದ ಬರೆದುಕೊಳ್ಳಬೇಕು. ಇನ್ನೊಬ್ಬ ಸಂಬಂಧಿಗೂ ಇದೇ. ಎರಡು ವಂಶವೃಕ್ಷಗಳ ಕೊಂಬೆಗಳು ಎಲ್ಲೋ ಒಂದು ಮದುವೆಯಲ್ಲಿ ಸೇರುತ್ತವೆ, ಸತ್ತವರು ಬಹುಶಃ ಆ ದಂಪತಿಯ ಸಂತತಿ. ಆ ಮನೆಯ ಮಕ್ಕಳಲ್ಲಿ ಯಾವುದೋ ಒಂದು ಇಸವಿಯ ನಂತರ ವಿಳಾಸವಿಲ್ಲದ, ಮರಣಪತ್ರವಿಲ್ಲದ, ತಾಯಿಯ ನಿಧನ ವಾರ್ತೆಯಲ್ಲಿ ಹೆಸರೂ ಇಲ್ಲದ ಒಬ್ಬರಿದ್ದರೆ ಅಲ್ಲಿ ನಿಲ್ಲಬೇಕು.

ಅದೃಷ್ಟ ಚೆನ್ನಾಗಿದ್ದರೆ ಇದು ಬೇಗ ಮುಗಿಯುತ್ತದೆ. 1981ರ ಏಪ್ರಿಲ್‌ನಲ್ಲಿ ಒಹಾಯೊದ ಮಯಾಮಿ ಕೌಂಟಿಯಲ್ಲಿ ಜಿಂಕೆ ಚರ್ಮದ ಅಂಗಿ ತೊಟ್ಟ ಯುವತಿಯ ಶವ ಸಿಕ್ಕಿತ್ತು. 37 ವರ್ಷ ಆಕೆಗಿದ್ದ ಹೆಸರು ‘ಬಕ್‌ಸ್ಕಿನ್ ಗರ್ಲ್’. ಮಾರ್ಗರೆಟ್ ಪ್ರೆಸ್ ಮತ್ತು ಕಾಲೀನ್ ಫಿಟ್ಜ್‌ಪ್ಯಾಟ್ರಿಕ್ 2017ರಲ್ಲಿ ಕಟ್ಟಿದ ಡಿಎನ್‌ಎ ಡೋ ಪ್ರಾಜೆಕ್ಟ್‌ನ ಸ್ವಯಂಸೇವಕರು, ಎತ್ತಿಟ್ಟಿದ್ದ ರಕ್ತದ ಮಾದರಿಯಿಂದ ಹತ್ತಿರದ ಸಂಬಂಧಿಯೊಬ್ಬರನ್ನು ಕಂಡು, 2018ರಲ್ಲಿ ಸುಮಾರು ನಾಲ್ಕು ಗಂಟೆಯಲ್ಲಿ ಹೆಸರು ತಲುಪಿದರು. ಮಗಳು ಕರೆ ಮಾಡಿದರೆ ಸಿಗಬೇಕೆಂದು ತಾಯಿ ಅಷ್ಟೂ ವರ್ಷ ಮನೆ, ಫೋನ್ ನಂಬರು ಬದಲಿಸಿರಲಿಲ್ಲ.

ಹೆಚ್ಚಿನ ಪ್ರಕರಣಗಳು ಹೀಗೆ ಸಾಗುವುದಿಲ್ಲ. ಹಳೆಯ ಎಲುಬಿನಿಂದ ತೆಗೆದ ಡಿಎನ್‌ಎಯಲ್ಲಿ ಬಹುಪಾಲು ಬ್ಯಾಕ್ಟೀರಿಯಾದ್ದೇ ಇರುತ್ತದೆ. ದೇಹ ಕೆಡದಂತೆ ಹಾಕುವ ಫಾರ್ಮಲಿನ್ ಸೋಕಿದ್ದರೆ ತುಂಡುತುಂಡಾಗಿರುತ್ತದೆ. ದತ್ತು ಹೋದ ಮಗು ಮರದಲ್ಲಿ ಬೇರೆ ಹೆಸರಿನಲ್ಲಿ ಕೂತಿರುತ್ತದೆ. ಒಳಗೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ಅಂಕಿಗಳೇ ಸುಳ್ಳು ಹೇಳುತ್ತವೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ಪದ್ಧತಿಯನ್ನೇ ನೋಡಿ. ಒಂದೇ ಪೂರ್ವಜರು ಮರದಲ್ಲಿ ಎರಡು ಮೂರು ಸಲ ಬರುತ್ತಾರೆ. 229 ಬಂದರೂ ನಿಜವಾದ ಸಂಬಂಧ ಎರಡು ತಲೆಮಾರು ದೂರದ್ದಿರಬಹುದು. ಅಮೆರಿಕದ ಈ ದತ್ತಾಂಶಗಳಲ್ಲಿ ಭಾರತೀಯರು ಕಡಿಮೆ ಇರುವುದು ಇದಕ್ಕೆ ಸೇರುವ ಇನ್ನೊಂದು ತೊಡಕು.

ಹವ್ಯಾಸಿಗಳನ್ನು ಹೆಚ್ಚು ಕೆಡಿಸುವುದು ಮಾತ್ರ ಕಥೆಯ ಆಸೆ. ಆಸ್ಟ್ರೇಲಿಯಾದ ಅಡಿಲೇಡ್‌ನ ಸಾಮರ್ಟನ್ ಕಡಲತೀರದಲ್ಲಿ 1948ರ ಡಿಸೆಂಬರ್ 1ರಂದು ಸಿಕ್ಕ ಗಂಡಸಿನ ಸುತ್ತ ಗೂಢಚಾರ, ಸಂಕೇತ ಲಿಪಿ, ವಿಷ ಎಂದು ಎಪ್ಪತ್ತು ವರ್ಷ ಊಹೆಗಳು ಬೆಳೆದವು. ಅಡಿಲೇಡ್ ವಿಶ್ವವಿದ್ಯಾಲಯದ ಎಂಜಿನಿಯರ್ ಡೆರೆಕ್ ಅಬಾಟ್, ಫಿಟ್ಜ್‌ಪ್ಯಾಟ್ರಿಕ್ ಜೊತೆಗೂಡಿ, ಮುಖದ ಅಚ್ಚಿನಲ್ಲಿ ಸಿಕ್ಕಿಕೊಂಡ ಕೂದಲಿನ ಡಿಎನ್‌ಎಯಿಂದ 2022ರಲ್ಲಿ ಹೇಳಿದ ಹೆಸರು ಕಾರ್ಲ್ ವೆಬ್, ಮೆಲ್ಬರ್ನ್‌ನ ವಿದ್ಯುತ್ ಎಂಜಿನಿಯರ್. ಊಹೆಗಳ ಬೆನ್ನು ಹತ್ತಿದವರು ಯಾರೂ ಅತ್ತ ಹೋಗಿರಲಿಲ್ಲ.

ಒಂದು ಹೆಸರು ಹೊಂದುತ್ತದೆ ಅನ್ನಿಸಿದರೆ ಮೊದಲು ನೇಮಸ್‌ನ ಆ ಶವದ ಪುಟದಲ್ಲಿ ‘ಈಗಾಗಲೇ ಕೈಬಿಟ್ಟವರು’ ಎಂಬ ಪಟ್ಟಿ ನೋಡಿ. ಅದರಲ್ಲಿಲ್ಲದಿದ್ದರೆ ಪ್ರಕರಣದ ತನಿಖಾಧಿಕಾರಿಗೆ ಒಂದೇ ಪುಟ ಬರೆಯಿರಿ: ಎರಡೂ ಪ್ರಕರಣ ಸಂಖ್ಯೆ, ಹೊಂದುವ ಎರಡು ಮೂರು ಅಂಶ, ಹೊಂದದ ಅಂಶಗಳು, ಪ್ರತಿಯೊಂದೂ ಎಲ್ಲಿಂದ ಸಿಕ್ಕಿತು. ಹೊಂದದ್ದನ್ನು ಬಿಟ್ಟು ಬರೆದ ಪತ್ರವನ್ನು ಅನುಭವಿ ಅಧಿಕಾರಿ ಗಂಭೀರವಾಗಿ ನೋಡುವುದಿಲ್ಲ. ಮುಖ ಹೋಲುತ್ತದೆ ಎಂಬುದೊಂದೇ ಆಧಾರವಾದರೆ ಕಳಿಸಲೇಬೇಡಿ, ರೇಖಾಚಿತ್ರ ಕಲಾವಿದರ ಊಹೆ. ಡೋ ನೆಟ್‌ವರ್ಕ್ ಎಂಬ ಸ್ವಯಂಸೇವಕರ ಸಂಘದಲ್ಲಿ ಇಂಥ ಹೊಂದಿಕೆಗಳನ್ನು ಒಂದು ಸಮಿತಿ ಸೋಸಿದ ಮೇಲೆಯೇ ಪೊಲೀಸರಿಗೆ ಕಳಿಸುತ್ತಾರೆ. ಕುಟುಂಬಕ್ಕೆ ಮಾತ್ರ ಎಂದೂ ಕರೆ ಮಾಡಬೇಡಿ, ಹೆಸರನ್ನು ಎಲ್ಲೂ ಹಾಕಬೇಡಿ. ಇಪ್ಪತ್ತು ವರ್ಷ ಕಾದ ತಾಯಿಗೆ ‘ನಿಮ್ಮ ಮಗ ಇರಬಹುದು’ ಎಂದು ಹೇಳಿ, ತಿಂಗಳ ಮೇಲೆ ‘ಅಲ್ಲವಂತೆ’ ಎನ್ನುವುದು ಕ್ರೌರ್ಯ.

ಭಾರತದಲ್ಲಿ ಇಂಥ ತೆರೆದ ಡಿಎನ್‌ಎ ಹುಡುಕಾಟ ಇಲ್ಲ. 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಡಿಎನ್‌ಎ ತಂತ್ರಜ್ಞಾನ ಮಸೂದೆಯನ್ನು 2023ರಲ್ಲಿ ಹಿಂಪಡೆಯಲಾಯಿತು. ಕರ್ನಾಟಕದಲ್ಲಿ ಅಪರಿಚಿತ ಶವ ಸಿಕ್ಕರೆ ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗುತ್ತದೆ, ಪತ್ರಿಕೆಯಲ್ಲಿ ಚಹರೆ ಬರುತ್ತದೆ: ಕೋಲು ಮುಖ, ಎಣ್ಣೆಗೆಂಪು ಬಣ್ಣ, ಸಾಧಾರಣ ಮೈಕಟ್ಟು. ಈ ಮೂರು ಮಾತು ಸಾವಿರಾರು ಜನರಿಗೆ ಒಪ್ಪುತ್ತವೆ. ಅದೇ ಪ್ರಕಟಣೆಯ ಕೊನೆಯಲ್ಲಿರುವ ಹಚ್ಚೆಯ ಅಕ್ಷರ, ಅಂಗಿಯ ಕಾಲರಿನಲ್ಲಿರುವ ಟೈಲರ್ ಚೀಟಿಯ ಊರು, ಇವೇ ಕೆಲಸಕ್ಕೆ ಬರುವಂಥವು.

ಮನೆಯವರೊಬ್ಬರು ಕಾಣೆಯಾಗಿದ್ದರೆ ದೂರಿನ ಪ್ರತಿಯ ಜೊತೆ ಇವನ್ನು ಜೋಡಿಸಿಡಿ: ಹಲ್ಲಿನ ಡಾಕ್ಟರ ಬಳಿಯ ಎಕ್ಸ್‌ರೇ, ಮುರಿತದ ಎಕ್ಸ್‌ರೇ, ಹಲ್ಲು ಕಾಣುವಂತೆ ನಕ್ಕ ಫೋಟೊ, ಹಚ್ಚೆ-ಮಚ್ಚೆಗಳ ವಿವರ. ಶವವೊಂದರ ಬಗ್ಗೆ ಅನುಮಾನ ಬಂದಾಗ ತನಿಖಾಧಿಕಾರಿಯ ಕೋರಿಕೆಯ ಮೇಲೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಡಿಎನ್‌ಎ ತಾಳೆ ನೋಡುತ್ತಾರೆ. ತಂದೆ-ತಾಯಿ ಇಬ್ಬರ ಮಾದರಿಯೂ ಇದ್ದರೆ ಅತಿ ಉತ್ತಮ, ಕಾಣೆಯಾದವರ ಮಕ್ಕಳದ್ದೂ ಬಲವಾದದ್ದು. ಒಡಹುಟ್ಟಿದವರಾದರೆ ಒಬ್ಬರಿಗಿಂತ ಇಬ್ಬರು ಮೇಲು. ಇವರ್ಯಾರೂ ಇಲ್ಲದಿದ್ದರೆ ತಾಯಿಯ ಕಡೆಯವರು: ಅಜ್ಜಿ, ಸೋದರಮಾವ, ತಾಯಿಯ ಅಕ್ಕತಂಗಿಯರು, ಆ ಅಕ್ಕತಂಗಿಯರ ಮಕ್ಕಳು. ತಾಯಿಯಿಂದ ಮಾತ್ರ ಇಳಿಯುವ ಮೈಟೋಕಾಂಡ್ರಿಯಾದ ಡಿಎನ್‌ಎ ಇವರೆಲ್ಲರಲ್ಲೂ ಒಂದೇ, ಅದು ಹಳೆಯ ಎಲುಬಿನಲ್ಲೂ ಉಳಿಯುತ್ತದೆ. ಸೋದರಮಾವನ ಮಕ್ಕಳು ಮಾತ್ರ ಇದಕ್ಕೆ ಬರುವುದಿಲ್ಲ, ಅವರಲ್ಲಿರುವುದು ಅವರ ತಾಯಿಯದು.