ಒಂದೇ ತುಂಡಿಗೆ ಮೂರು ಅಳತೆ ಬಂದರೆ ಯಾವುದನ್ನು ನಂಬಬೇಕು?

ಓದುಗರ ಪ್ರಶ್ನೆ: ಒಂದೇ ಉಕ್ಕಿನ ತುಂಡನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಮೂರು ಸಲ ಅಳೆದೆ. 24.96, 25.00, 25.06 ಮಿ.ಮೀ. ಬಂತು. ಕ್ಯಾಲಿಪರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಆದರೂ ಮೊದಲು ಸೊನ್ನೆ ನೋಡಿ. ತುಂಡನ್ನು ಹಿಡಿಯುವ ಎರಡೂ ದವಡೆಗಳನ್ನು ಬಟ್ಟೆಯಿಂದ ಒರೆಸಿ, ಮುಚ್ಚಿ, ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಬಾರದು, ಪಟ್ಟಿಯ ಮುಖ್ಯ ಮತ್ತು ಜಾರುವ ವರ್ನಿಯರ್ ಸ್ಕೇಲ್‌ಗಳ ಸೊನ್ನೆಗಳೂ ಸೇರಬೇಕು. ಸೊನ್ನೆ ಇರಬೇಕಾದಲ್ಲಿ 0.04 ತೋರಿಸಿದರೆ ಪ್ರತಿ ಅಳತೆಯಿಂದಲೂ 0.04 ಕಳೆಯಿರಿ. ಆದರೆ ಈ ದೋಷ ಇದ್ದರೆ ಮೂರೂ ಅಳತೆ ಒಂದೇ ಸಮ ಜಾಸ್ತಿ ಬರುತ್ತಿತ್ತು. ನಿಮ್ಮ ಅಳತೆಗಳು ಒಂದಕ್ಕೊಂದು ಹೊಂದುತ್ತಿಲ್ಲ. ಅಂದರೆ ಕಾರಣ ಕೈಯಲ್ಲಿದೆ.

ಕ್ಯಾಲಿಪರ್‌ನ ಸ್ಕೇಲ್ ಮೇಲಿನ ಪಟ್ಟಿಯಲ್ಲಿದೆ, ತುಂಡು ಕೆಳಗೆ ದವಡೆಗಳ ನಡುವೆ ಇದೆ. ಎರಡೂ ಒಂದೇ ಗೆರೆಯಲ್ಲಿಲ್ಲ. ತುಂಡನ್ನು ದವಡೆಯ ತುದಿಯಲ್ಲಿ ಹಿಡಿದು ಜೋರಾಗಿ ಒತ್ತಿದರೆ, ಜಾರುವ ದವಡೆ ಸ್ವಲ್ಪವೇ ವಾಲುತ್ತದೆ. ಸ್ಲೈಡರ್ (ಜಾರುವ ಭಾಗ) ಬೇಕಾದ್ದಕ್ಕಿಂತ ಮುಂದೆ ಹೋಗುತ್ತದೆ, ಅಳತೆ ಕಡಿಮೆ ಬರುತ್ತದೆ. ನಿಮ್ಮ 24.96 ಬಹುಶಃ ಹೀಗೇ ಬಂದಿದೆ. ಅಳೆಯುವ ವಸ್ತುವೂ ಸ್ಕೇಲೂ ಒಂದೇ ಸಾಲಿನಲ್ಲಿರಬೇಕು ಎಂದು ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬೆ 1890ರಲ್ಲೇ ಹೇಳಿದ್ದ. ಕ್ಯಾಲಿಪರ್‌ನಲ್ಲಿ ಅದು ಆಗದ ಮಾತು. ಹಾಗಾಗಿ ತುಂಡನ್ನು ಸ್ಕೇಲ್‌ಗೆ ಆದಷ್ಟು ಹತ್ತಿರ, ದವಡೆಯ ಬುಡದ ಕಡೆ ಹಿಡಿಯಿರಿ. ಹೆಬ್ಬೆರಳಿಂದ ಮೆಲ್ಲಗೆ ತಳ್ಳಿ. ದವಡೆ ತಾಗಿದರೆ ಸಾಕು, ಬಿಗಿಯುವುದು ಬೇಡ. ಪ್ರತಿ ಸಲವೂ ಅಷ್ಟೇ ಒತ್ತಡ ಇರಲಿ. ನನ್ನ ಪ್ರಕಾರ ಕಲಿಯಬೇಕಾದ ಮುಖ್ಯ ಕೆಲಸವೇ ಇದು.

25.06 ಬರಲು ಎರಡು ಕಾರಣ ಇರಬಹುದು. ಒಂದು, ತುಂಡು ಓರೆಯಾಗಿ ಕೂತಿದೆ. ಇನ್ನೊಂದು, ಕತ್ತರಿಸಿದ ಅಂಚಿನಲ್ಲಿ ಬರ್ (ಲೋಹದ ಚೂಪಾದ ಉಬ್ಬು) ಉಳಿದಿದೆ. ಬರ್ ಇದ್ದರೆ ಅರದಿಂದ ಉಜ್ಜಿ ತೆಗೆಯಿರಿ. ಆಮೇಲೆ ಕ್ಯಾಲಿಪರನ್ನು ಸ್ವಲ್ಪ ಆ ಕಡೆ ಈ ಕಡೆ ಅಲುಗಿಸಿ, ಬರುವ ಅತಿ ಕಡಿಮೆ ಅಳತೆಯನ್ನು ತೆಗೆದುಕೊಳ್ಳಿ. ಹೊರಗಿನ ಅಳತೆಯಲ್ಲಿ ಓರೆಯಾದಷ್ಟೂ ಅಂಕಿ ಏರುತ್ತದೆ, ಅಲ್ವಾ? ರಂಧ್ರದ ವ್ಯಾಸ ಅಳೆಯುವಾಗ ಮಾತ್ರ ದವಡೆಗಳನ್ನು ನೇರ ಇಟ್ಟುಕೊಂಡು, ಅಡ್ಡಕ್ಕೆ ಸಿಗುವ ಅತಿ ಹೆಚ್ಚು ಅಳತೆಯನ್ನು ಹುಡುಕಬೇಕು.

ಇನ್ನು ಓದುವ ವಿಷಯ. ಸಾಮಾನ್ಯ ಕ್ಯಾಲಿಪರ್‌ನಲ್ಲಿ ವರ್ನಿಯರ್ ಸ್ಕೇಲ್‌ನ 49 ಮಿ.ಮೀ. ಉದ್ದವನ್ನು 50 ಭಾಗ ಮಾಡಿರುತ್ತಾರೆ, ಒಂದು ಗೆರೆಗೆ 0.02 ಮಿ.ಮೀ. ವರ್ನಿಯರ್ ಸೊನ್ನೆ 24 ದಾಟಿದೆ, ಅದರ 48ನೇ ಗೆರೆ ಮುಖ್ಯ ಸ್ಕೇಲ್‌ನ ಒಂದು ಗೆರೆಗೆ ಸೇರಿದೆ ಎಂದರೆ 24.96. ಓರೆಯಿಂದ ನೋಡಿದರೆ ಪಕ್ಕದ ಗೆರೆ ಸೇರಿದಂತೆ ಕಾಣುತ್ತದೆ, ಹಾಗಾಗಿ ಕಣ್ಣು ನೇರವಾಗಿರಲಿ.

ಲೇತ್‌ನಿಂದ ಈಗಷ್ಟೇ ಬಿಚ್ಚಿದ ಬಿಸಿ ತುಂಡಾದರೆ ತಣಿಯಲು ಬಿಡಿ. ಅಳತೆಯ ಪ್ರಮಾಣ ತಾಪಮಾನ 20 ಡಿಗ್ರಿ ಸೆಲ್ಸಿಯಸ್. 100 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ.

ಇಷ್ಟು ಮಾಡಿದ ಮೇಲೆ ಮೂರು ಅಳತೆಗಳೂ ಒಂದು ಗೆರೆಯಷ್ಟು ಹತ್ತಿರ ಬಂದರೆ ಅವನ್ನು ನಂಬಿ. ನಕ್ಷೆಯಲ್ಲಿ 0.1 ಮಿ.ಮೀ. ವ್ಯತ್ಯಾಸಕ್ಕೆ ಅವಕಾಶ ಇದ್ದರೆ ಕ್ಯಾಲಿಪರ್ ಧಾರಾಳ ಸಾಕು. 0.02 ಮಿ.ಮೀ. ಒಳಗೇ ಇರಬೇಕೆಂದರೆ ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ ಅಳೆಯುವ ಉಪಕರಣ) ಹಿಡಿಯಿರಿ. ಅದರಲ್ಲಿ ಸ್ಕ್ರೂ ಮತ್ತು ತುಂಡು ಒಂದೇ ಗೆರೆಯಲ್ಲಿವೆ, ತುದಿಯಲ್ಲಿರುವ, ಹೆಚ್ಚು ಬಿಗಿದರೆ ತಾನೇ ಜಾರುವ ಹಿಡಿಯಾದ ರ‍್ಯಾಚೆಟ್ ತಿರುಗಿಸಿದರೆ ಒತ್ತಡವೂ ಪ್ರತಿ ಸಲ ಒಂದೇ ಸಮ ಇರುತ್ತದೆ.